ಸೇವ್ ಮಾಡಿದ ಶನಿ ಎಲ್ಲಿ ಹೋಯಿತು?

ಪ್ರಶ್ನೆ: ಕಂಪ್ಯೂಟರ್ ಇರುವ ದೂರದರ್ಶಕದಲ್ಲಿ ಇಂದು ಸೇವ್ ಮಾಡಿಟ್ಟ ಶನಿಗ್ರಹ ಮುಂದಿನ ತಿಂಗಳು ಅದೇ ಗುಂಡಿ ಒತ್ತಿದರೆ ಸಿಗುತ್ತದೆಯೇ?
– ಓದುಗರು, ಗೊರಗುಂಟೆಪಾಳ್ಯ

ಉತ್ತರ: ನಕ್ಷತ್ರವಾದರೆ ಸಿಗುತ್ತದೆ, ಶನಿಯನ್ನು ನೆಚ್ಚುವಂತಿಲ್ಲ. ಉಪಕರಣ ಉಳಿಸಿಕೊಳ್ಳುವುದು ಚಿತ್ರವನ್ನಲ್ಲ, ಆಕಾಶದ ಮೇಲಿನ ಒಂದು ಸ್ಥಾನದ ಅಂಕೆಗಳನ್ನು. ಭೂಮಿಯ ಆವರ್ತನೆಯಿಂದ ಆಕಾಶ ಗಂಟೆಗೆ ಸುಮಾರು 15 ಡಿಗ್ರಿ ಜಾರಿದಂತೆ ಕಾಣುತ್ತದೆ. ಮೋಟಾರು ಅದನ್ನು ಸರಿದೂಗಿಸುತ್ತದೆ. ಆದರೆ ಗ್ರಹಗಳಿಗೆ ಸ್ವಂತ ಚಲನೆಯೂ ಇದೆ. ಚಂದ್ರನಂತೂ ಒಂದೇ ಗಂಟೆಯಲ್ಲಿ ಹೆಚ್ಚುಕಡಿಮೆ ತನ್ನ ಅಗಲದಷ್ಟು ಸರಿಯುತ್ತಾನೆ. ನಿಮ್ಮ ಪಕ್ಕದ ಪೀಣ್ಯದಲ್ಲಿರುವ ಇಸ್ರೊದ ಜಾಡು ಹಿಡಿಯುವ ಕೇಂದ್ರ ಇಸ್ಟ್ರ್ಯಾಕ್, ಉಪಗ್ರಹಗಳ ಕಕ್ಷೆಯನ್ನು ಮತ್ತೆ ಮತ್ತೆ ಲೆಕ್ಕ ಹಾಕುವುದೂ ಇದಕ್ಕಾಗಿಯೇ: ಚಲಿಸುವ ವಸ್ತುವಿನ ಹಳೆಯ ವಿಳಾಸ ಬೇಗ ಸುಳ್ಳಾಗುತ್ತದೆ.

ಸ್ಟ್ಯಾಂಡನ್ನು ಬೇರೆ ತಾರಸಿಗೆ ಒಯ್ದರೆ ಉಳಿಸಿದ್ದೆಲ್ಲ ವ್ಯರ್ಥವಲ್ಲವೇ ಎನ್ನಬಹುದು. ಇಲ್ಲ, ಆ ಅಂಕೆಗಳು ಆಕಾಶಕ್ಕೆ ಸೇರಿದವು, ತಾರಸಿಗಲ್ಲ. ಸಮಯ, ಊರು ತಿಳಿಸಿ ಎರಡು ಪ್ರಕಾಶಮಾನ ನಕ್ಷತ್ರಗಳಿಂದ ಹೊಂದಿಸಿದರೆ ಸಾಕು. ಲಡಾಖಿನ ಹಾನ್ಲೆಯಲ್ಲಿರುವ 2 ಮೀಟರಿನ ‘ಹಿಮಾಲಯನ್ ಚಂದ್ರ’ ದೂರದರ್ಶಕವನ್ನು ಖಗೋಳ ವಿಜ್ಞಾನಿಗಳು ಹೊಸಕೋಟೆಯಿಂದ ನಡೆಸುವಾಗಲೂ ಗುರಿ ಹಿಡಿಯುವುದು ಇಂಥ ಅಂಕೆಗಳಿಂದಲೇ. ತುಮಕೂರು ರಸ್ತೆಯ ದೀಪಗಳು ಮುಚ್ಚಿಹಾಕುವ ಮಸುಕು ಗೆಲಾಕ್ಸಿಗಳನ್ನು ಮಾತ್ರ ಗುರಿ ಹಿಡಿಯುವ ಕಂಪ್ಯೂಟರ್ ಕಣ್ಣಿಗೆ ಕಾಣಿಸಲಾರದು. ಶನಿಗೆ ಆ ಅಡ್ಡಿಯಿಲ್ಲ. ಸೇವ್ ಮಾಡಿದ್ದನ್ನು ಬಿಟ್ಟು, ದಿನಾಂಕ ಸರಿಯಾಗಿ ಕೊಟ್ಟು, ಉಪಕರಣದ ಗ್ರಹಗಳ ಪಟ್ಟಿಯಿಂದಲೇ ಅದನ್ನು ಆರಿಸಿ.