ವೇಗದ ಕಾರೂ ಬ್ರೇಕಿನ ದ್ರವವೂ

ಜರ್ಮನಿಯ ನ್ಯೂರ್ಬರ್ಗ್‌ರಿಂಗ್ ಓಟದ ಪಥವು ೧೯೨೭ರಲ್ಲಿ ಆರಂಭವಾಯಿತು. ಅಲ್ಲಿ ಇಂದಿಗೂ ಸಾಮಾನ್ಯರು ಶುಲ್ಕ ತೆತ್ತು ತಮ್ಮ ಸ್ವಂತ ಕಾರುಗಳನ್ನು ಓಡಿಸಬಹುದು. ಇಂಥ ಪಥಗಳಿಗೆಂದೇ ಕಾರನ್ನು ಮಾರ್ಪಡಿಸಿ ಬಹುಕಾಲ ಇಟ್ಟುಕೊಳ್ಳುವವರಲ್ಲಿ ಅನೇಕರು ಮೊದಲು ಎಂಜಿನ್ನಿನ ಬಲವನ್ನು ಹೆಚ್ಚಿಸಲು ಹಾತೊರೆಯುತ್ತಾರೆ. ಆದರೆ ಅವರ ಪ್ರಾಣವನ್ನು ಕಾಯುವುದು ಬ್ರೇಕು.

೧,೦೦೦ ಕಿಲೋಗ್ರಾಂ ತೂಕದ ಕಾರಿನ ವೇಗವು ಗಂಟೆಗೆ ೧೪೪ ಕಿಲೋಮೀಟರಿನಿಂದ ೭೨ಕ್ಕೆ ಇಳಿಯಿತೆನ್ನೋಣ. ಆಗ ಅದು ಕಳೆದುಕೊಳ್ಳುವ ಚಲನಶಕ್ತಿ ೬ ಲಕ್ಷ ಜೌಲ್. ಸುಮಾರು ೨ ಲೀಟರ್ ನೀರನ್ನು ಕುದಿಯುವ ಮಟ್ಟಕ್ಕೆ ತರಬಲ್ಲ ಈ ಶಕ್ತಿಯ ಬಹುಭಾಗವು ಬ್ರೇಕಿನಲ್ಲಿ ಶಾಖವಾಗುತ್ತದೆ. ಚಲನಶಕ್ತಿಯು ವೇಗದ ವರ್ಗಕ್ಕೆ ಅನುಗುಣವಾದುದರಿಂದ, ವೇಗವು ನೂರಕ್ಕೆ ೧೦ರಷ್ಟು ಏರಿದರೆ ಶಕ್ತಿಯು ನೂರಕ್ಕೆ ೨೧ರಷ್ಟು ಏರುತ್ತದೆ.

ಪಾದದ ಒತ್ತಡವನ್ನು ಚಕ್ರಗಳಿಗೆ ಸಾಗಿಸುವುದು ಕೊಳವೆಯಲ್ಲಿರುವ ದ್ರವ. ಸಾಮಾನ್ಯವಾಗಿ ಬಳಸುವ ದ್ರವವು ಕಾಲಕ್ರಮದಲ್ಲಿ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. 'ಡಾಟ್ ೪' ದರ್ಜೆಯ ಹೊಸ ದ್ರವದ ಕುದಿಬಿಂದು ೨೩೦ ಡಿಗ್ರಿ ಸೆಂಟಿಗ್ರೇಡಿಗೆ ಕಡಮೆಯಿರಕೂಡದು. ತೇವಗೊಂಡ ದ್ರವಕ್ಕೆ ಗೊತ್ತುಪಡಿಸಿದ ಮಿತಿ ೧೫೫ ಮಾತ್ರ. ದ್ರವವು ಕುದಿದರೆ ಆವಿಯ ಗುಳ್ಳೆಗಳು ಹುಟ್ಟುತ್ತವೆ. ದ್ರವವನ್ನು ಒತ್ತಿದರೆ ಅದು ಕುಗ್ಗದು, ಆವಿಯು ಕುಗ್ಗುತ್ತದೆ. ಆಗ ಪೆಡಲು ತಳಮುಟ್ಟಿದರೂ ಕಾರು ನಿಲ್ಲದು.

ಊರಿನ ರಸ್ತೆಯಲ್ಲಿ ಈ ದೋಷವು ಅಡಗಿಯೇ ಇರಬಹುದು. ಓಟದ ಪಥದಲ್ಲಿ ಕೆಲವೇ ಸುತ್ತುಗಳಲ್ಲಿ ಬಯಲಾದೀತು. ಆದುದರಿಂದ ಬಲ್ಲವರು ಎಂಜಿನ್ನಿಗೆ ಕೈ ಹಚ್ಚುವ ಮುನ್ನ ಹಳೆಯ ದ್ರವವನ್ನು ಚೆಲ್ಲಿ ಹೊಸದನ್ನು ತುಂಬುತ್ತಾರೆ.