ಕಂಟ್ರೋಲ್ ಝಡ್ ಒತ್ತಿದ ಮೇಲೆ ಪ್ರೋಗ್ರಾಂ ಎಲ್ಲಿಗೆ ಹೋಗುತ್ತೆ?

ಲ್ಯಾಬಲ್ಲಿ ಪ್ರೋಗ್ರಾಂ ಹ್ಯಾಂಗ್ ಆದ್ರೆ ಕೆಲವರು ಕಂಟ್ರೋಲ್ ಸಿ ಒತ್ತುತ್ತಾರೆ, ಇನ್ನು ಕೆಲವರು ಕಂಟ್ರೋಲ್ ಝಡ್. ಎರಡರಲ್ಲೂ ಪ್ರಾಂಪ್ಟ್ ವಾಪಸ್ ಬರುತ್ತೆ, ಹಾಗಾಗಿ ಎರಡೂ ಒಂದೇ ಅನ್ನೋ ನಂಬಿಕೆ ನಮ್ಮಲ್ಲಿ ಬೇರೂರಿದೆ. ಆದರೆ ಅದೇ ಸಾಕೆಟ್ ಸರ್ವರನ್ನ ಇನ್ನೊಂದು ಸಲ ಓಡಿಸಿದಾಗ "ಅಡ್ರೆಸ್ ಆಲ್‌ರೆಡಿ ಇನ್ ಯೂಸ್" ಅಂತ ಬೈಯುತ್ತಲ್ಲ, ಎಷ್ಟೋ ಸಲ ಅದಕ್ಕೆ ಕಾರಣ ಈ ಝಡ್. ಹಳೇ ಸರ್ವರ್ ಸತ್ತಿಲ್ಲ. ಮೆಮೊರಿ, ತೆರೆದ ಫೈಲು, ಪೋರ್ಟು ಎಲ್ಲವನ್ನೂ ಹಿಡಿದುಕೊಂಡೇ ನಿಂತಿದೆ. "ಜಾಬ್ಸ್" ಅಂತ ಟೈಪ್ ಮಾಡಿ ನೋಡಿ, ಪಟ್ಟಿಯಲ್ಲಿ ಸಿಗುತ್ತೆ. "ಎಫ್‌ಜಿ" ಕೊಟ್ಟು ಮುಂದೆ ತಂದು, ಆಮೇಲೆ ಕಂಟ್ರೋಲ್ ಸಿ ಒತ್ತಿದರೆ ಕೆಲಸ ಮುಗೀತು.

ಬಳಸುವವರಾಗಿ ಇಷ್ಟು ಸಾಕು. ಆದರೆ ಮಿನಿ ಪ್ರಾಜೆಕ್ಟಿಗೆ ಟರ್ಮಿನಲ್‌ನಲ್ಲಿ ಸ್ನೇಕ್ ಗೇಮೋ, ಒಂದು ಪುಟ್ಟ ಎಡಿಟರೋ ಬರೆಯುವವರಾಗಿ ನಾವು ಇದರ ಒಳಗೆ ಏನಾಗುತ್ತೆ ಅಂತಲೂ ತಿಳ್ಕೋಬೇಕು.

ಕರ್ನಲ್ ಒಳಗಿನ ಕಥೆ

ಕಂಟ್ರೋಲ್ ಝಡ್ ಅಂದರೆ ಆಸ್ಕಿಯಲ್ಲಿ 26ನೇ ಅಕ್ಷರ. ಇದನ್ನ ಮೊದಲು ನೋಡೋದು ನಮ್ಮ ಪ್ರೋಗ್ರಾಂ ಅಲ್ಲ, ಕರ್ನಲ್‌ನ ಟರ್ಮಿನಲ್ ಡ್ರೈವರ್. ಅದು ಈ ಅಕ್ಷರವನ್ನ ನುಂಗಿ, ಆ ಟರ್ಮಿನಲ್‌ನಲ್ಲಿ ಸದ್ಯ ಮುಂದೆ ಇರುವ ಪ್ರೋಸೆಸ್ ಗುಂಪಿನ ಎಲ್ಲರಿಗೂ ಸಿಗ್‌ಟಿಎಸ್‌ಟಿಪಿ ಅನ್ನೋ ಸಿಗ್ನಲ್ ಕಳಿಸುತ್ತೆ. ನಾವು ಏನೂ ಬರೆಯದೇ ಇದ್ದರೆ ಆ ಸಿಗ್ನಲ್‌ಗೆ ಒಂದೇ ಅರ್ಥ: ಇದ್ದಲ್ಲೇ ನಿಲ್ಲು. ಮಗು ಪ್ರೋಸೆಸ್ ನಿಂತದ್ದು ಶೆಲ್‌ಗೆ ಗೊತ್ತಾಗುತ್ತೆ, ಅದು ಟರ್ಮಿನಲ್ಲನ್ನ ತನ್ನ ಕೈಗೆ ತಗೊಂಡು ಪ್ರಾಂಪ್ಟ್ ತೋರಿಸುತ್ತೆ. ಎಫ್‌ಜಿ ಕೊಟ್ಟಾಗ ಟರ್ಮಿನಲ್ಲನ್ನ ಮತ್ತೆ ಆ ಗುಂಪಿಗೆ ಒಪ್ಪಿಸಿ, ಸಿಗ್‌ಕಾಂಟ್ ಕಳಿಸುತ್ತೆ. ಬಿಜಿ ಕೊಟ್ಟರೆ ಸಿಗ್‌ಕಾಂಟ್ ಮಾತ್ರ, ಟರ್ಮಿನಲ್ ಇಲ್ಲ.

ಈ ಏರ್ಪಾಡು ಜನಪ್ರಿಯವಾಗಿದ್ದು 1980ರ ಆಸುಪಾಸಿನ ಬರ್ಕ್ಲಿ ಯೂನಿಕ್ಸ್‌ನಿಂದ. ಸಿ ಶೆಲ್‌ಗೆ ಜಾಬ್ ಕಂಟ್ರೋಲ್ ಮೊದಲು ಬರೆದದ್ದು ಆಸ್ಟ್ರಿಯಾದ ಐಐಎಎಸ್‌ಎ ಸಂಸ್ಥೆಯಲ್ಲಿದ್ದ ಜಿಮ್ ಕಲ್ಪ್. ಟ್ಯಾಬ್‌ಗಳಿಲ್ಲದ ಆ ಕಾಲದಲ್ಲಿ ಒಂದೇ ಟರ್ಮಿನಲ್‌ನಲ್ಲಿ ನಾಲ್ಕು ಕೆಲಸ ನಡೆಸೋಕೆ ಇದೊಂದು ವರ.

ತೊಂದರೆ ಎಲ್ಲಿ?

ಬರೀ ಲೆಕ್ಕ ಮಾಡಿ ಉತ್ತರ ಪ್ರಿಂಟ್ ಮಾಡುವ ಪ್ರೋಗ್ರಾಂಗೆ ಇದರಿಂದ ಏನೂ ತೊಂದರೆ ಇಲ್ಲ. ಇಡೀ ಪರದೆ ಆಕ್ರಮಿಸುವ ಪ್ರೋಗ್ರಾಂಗಳ ಕಥೆ ಬೇರೆ. ನಮ್ಮ ಸ್ನೇಕ್ ಗೇಮ್ ಶುರುವಾದ ತಕ್ಷಣ ಎಕೋ ಆಫ್ ಮಾಡುತ್ತೆ, ಎಂಟರ್ ಒತ್ತದೇ ಕೀ ಓದುವ ಹಾಗೆ ಬದಲಾಯಿಸುತ್ತೆ, ಕರ್ಸರ್ ಅಡಗಿಸುತ್ತೆ, ಆಲ್ಟರ್ನೇಟ್ ಸ್ಕ್ರೀನ್‌ಗೆ ಹೋಗುತ್ತೆ. ಇವೆಲ್ಲ ಪ್ರೋಗ್ರಾಂನ ಸ್ವಂತ ಆಸ್ತಿ ಅಲ್ಲ, ಟರ್ಮಿನಲ್‌ನವು.

ಇದನ್ನ ಹೀಗೆ ಯೋಚಿಸಿ. ನಾಟಕದ ರಿಹರ್ಸಲ್‌ಗೆ ಅಂತ ಸೆಮಿನಾರ್ ಹಾಲ್ ತಗೊಂಡು, ಕುರ್ಚಿ ಎಲ್ಲ ಮೂಲೆಗೆ ತಳ್ಳಿದೀವಿ. ಮಧ್ಯದಲ್ಲಿ ಎಚ್‌ಒಡಿ ಬಂದು "ಅರ್ಧ ಗಂಟೆ ಮೀಟಿಂಗ್ ಇದೆ, ಹಾಲ್ ಬಿಡಿ" ಅಂತಾರೆ. ಕುರ್ಚಿ ವಾಪಸ್ ಜೋಡಿಸದೇ ಎದ್ದು ಹೋದರೆ ಮೀಟಿಂಗ್‌ಗೆ ಬಂದವರು ನಿಂತೇ ಇರಬೇಕು. ಮೀಟಿಂಗ್ ಮುಗಿದ ಮೇಲೆ ಹಾಲ್ ನಾವು ಬಿಟ್ಟ ಹಾಗೇ ಇರುತ್ತೆ ಅಂತಲೂ ಅಂದುಕೊಳ್ಳೋ ಹಾಗಿಲ್ಲ, ಮತ್ತೆ ಜಾಗ ಮಾಡಿಕೊಳ್ಳಬೇಕು.

ಬ್ಯಾಷ್ ಥರದ ಶೆಲ್‌ಗಳು ಎಕೋ ಮುಂತಾದ ಸೆಟ್ಟಿಂಗನ್ನ ತಾವೇ ಸರಿ ಮಾಡಿಕೊಳ್ಳಬಹುದು. ಅಡಗಿದ ಕರ್ಸರ್, ಆಲ್ಟರ್ನೇಟ್ ಸ್ಕ್ರೀನ್ ಇರೋದು ಟರ್ಮಿನಲ್ ಎಮ್ಯುಲೇಟರ್ ಒಳಗೆ. ಅದನ್ನ ಸರಿ ಮಾಡೋದು ನಮ್ಮದೇ ಜವಾಬ್ದಾರಿ.

ನಿಲ್ಲುವಾಗ ಮಾಡಬೇಕಾದ್ದು

ಸಿಗ್‌ಟಿಎಸ್‌ಟಿಪಿಗೆ ಒಂದು ಹ್ಯಾಂಡ್ಲರ್ ಬರೆಯಿರಿ. ಅದರೊಳಗೆ ಪ್ರಿಂಟ್‌ಎಫ್, ಮ್ಯಾಲಕ್ ಕರೆಯಬೇಡಿ: ಸಿಗ್ನಲ್ ಬಂದ ಗಳಿಗೆಯಲ್ಲಿ ಅವೇ ಅರ್ಧ ಓಡಿರಬಹುದು, ಆಗ ಎಲ್ಲ ಗೋಜಲು. ಒಂದು ಫ್ಲ್ಯಾಗ್ ಏರಿಸಿ ಹೊರಗೆ ಬನ್ನಿ, ಮಿಕ್ಕಿದ್ದನ್ನ ಮೇನ್ ಲೂಪ್ ನೋಡಿಕೊಳ್ಳಲಿ. ಅಲ್ಲಿ ಈ ಕ್ರಮ:

1. ಆಲ್ಟರ್ನೇಟ್ ಸ್ಕ್ರೀನ್ ಬಿಟ್ಟು, ಕರ್ಸರ್ ತೋರಿಸಿ.
2. ಶುರುವಿನಲ್ಲಿ ಉಳಿಸಿಟ್ಟ ಟರ್ಮಿನಲ್ ಸೆಟ್ಟಿಂಗನ್ನ ವಾಪಸ್ ಹಾಕಿ.
3. ಸಿಗ್ನಲ್‌ನ ವರ್ತನೆಯನ್ನ ಡೀಫಾಲ್ಟ್‌ಗೆ ತಿರುಗಿಸಿ.
4. ಅದೇ ಸಿಗ್ನಲ್ಲನ್ನ ನಮಗೆ ನಾವೇ ಮತ್ತೆ ಕಳಿಸಿಕೊಳ್ಳಿ.

ಮೂರು ಮತ್ತು ನಾಲ್ಕನೇ ಹೆಜ್ಜೆ ಮರೆತರೆ ಪರದೆ ಸ್ವಚ್ಛ ಆಗುತ್ತೆ, ಪ್ರೋಗ್ರಾಂ ಮಾತ್ರ ನಿಲ್ಲೋದೇ ಇಲ್ಲ. ನಾವು ಹ್ಯಾಂಡ್ಲರ್ ಹಾಕಿದ ಕ್ಷಣವೇ "ನಿಲ್ಲು" ಅನ್ನೋ ಡೀಫಾಲ್ಟ್ ಅರ್ಥ ಹೋಗಿರುತ್ತೆ.

ವಾಪಸ್ ಬಂದಾಗ

ಎಫ್‌ಜಿ ಆದ ಮೇಲೆ ಪ್ರೋಗ್ರಾಂ ನಾಲ್ಕನೇ ಹೆಜ್ಜೆಯ ಮುಂದಿನ ಸಾಲಿನಿಂದಲೇ ಓಡುತ್ತೆ. ಅಲ್ಲಿ ಹ್ಯಾಂಡ್ಲರ್ ಮತ್ತೆ ಕೂರಿಸಿ. ಟರ್ಮಿನಲ್‌ನ ಈಗಿನ ಸೆಟ್ಟಿಂಗನ್ನ ಹೊಸದಾಗಿ ಉಳಿಸಿಕೊಂಡು ನಮ್ಮದನ್ನ ಹಾಕಿ. ಆಲ್ಟರ್ನೇಟ್ ಸ್ಕ್ರೀನ್‌ಗೆ ಹೋಗಿ ಇಡೀ ಪರದೆಯನ್ನ ಮೊದಲಿನಿಂದ ಬಿಡಿಸಿ.

ಬಿಡಿಸೋಕೆ ಮುಂಚೆ ಕಿಟಕಿಯ ಅಳತೆ ಕೇಳಲೇಬೇಕು. ಅಳತೆ ಬದಲಾದರೆ ಬರುವ ಸಿಗ್‌ವಿಂಚ್ ಸಿಗ್ನಲ್ ಹೋಗೋದು ಮುಂದೆ ಇರುವ ಗುಂಪಿಗೆ ಮಾತ್ರ. ನಾವು ಮಲಗಿದ್ದಾಗ ಯಾರೋ ಕಿಟಕಿ ಚಿಕ್ಕದು ಮಾಡಿದ್ದರೆ ಆ ಸುದ್ದಿ ನಮಗೆ ಬಂದಿರೋದಿಲ್ಲ.

ಗೇಮ್ ಬರೆಯುವವರು ಗಡಿಯಾರವನ್ನೂ ನೋಡಬೇಕು. ಪ್ರೋಗ್ರಾಂ ನಿಂತರೂ ಗಡಿಯಾರ ನಿಲ್ಲಲ್ಲ, ಮೊನೊಟಾನಿಕ್ ಕ್ಲಾಕ್ ಸಹ ಓಡ್ತಾನೇ ಇರುತ್ತೆ. ಹತ್ತು ನಿಮಿಷ ಬಿಟ್ಟು ಎಫ್‌ಜಿ ಕೊಟ್ಟರೆ, ಕಳೆದ ಫ್ರೇಮಿನಿಂದ 600 ಸೆಕೆಂಡ್ ಆಯ್ತು ಅಂತ ಲೆಕ್ಕ ಹಾಕಿ ಹಾವು ಒಂದೇ ಏಟಿಗೆ ಗೋಡೆಗೆ ಹೋಗಿ ಗುದ್ದುತ್ತೆ. ಎದ್ದ ತಕ್ಷಣ "ಕಳೆದ ಫ್ರೇಮಿನ ಸಮಯ"ವನ್ನ ಈಗಿನ ಸಮಯಕ್ಕೆ ಸರಿಪಡಿಸಿ.

ಇನ್ನೂ ಮೂರು ಮೂಲೆಗಳು

ಒಂದು, ಪೂರ್ತಿ ರಾ ಮೋಡ್. ಸಿಗ್ನಲ್ ಹುಟ್ಟಿಸುವ ಐಸಿಗ್ ಫ್ಲ್ಯಾಗ್ ಆಫ್ ಆಗಿದ್ದರೆ ಕಂಟ್ರೋಲ್ ಝಡ್ ಬರೀ 26 ಅನ್ನೋ ಬೈಟ್ ಆಗಿ ಬರುತ್ತೆ. ಆಗ ನಾವೇ ಸಿಗ್ನಲ್ ಕಳಿಸಬೇಕು, ಅದೂ ಇಡೀ ಗುಂಪಿಗೆ, ಅಂದರೆ ಕಿಲ್ ಫಂಕ್ಷನ್‌ಗೆ ಪಿಐಡಿ ಜಾಗದಲ್ಲಿ 0 ಕೊಟ್ಟು. ಬರೀ ನಾವು ಮಲಗಿ, ನಮ್ಮನ್ನ ಶುರು ಮಾಡಿದ ಸ್ಕ್ರಿಪ್ಟ್ ಕಾಯ್ತಾ ಕೂತರೆ ಪ್ರಾಂಪ್ಟ್ ಬರೋದೇ ಇಲ್ಲ.

ಎರಡು, ಸಿಗ್‌ಸ್ಟಾಪ್. ಇದನ್ನ ಯಾವ ಪ್ರೋಗ್ರಾಂ ಕೂಡ ಹಿಡಿಯೋಕೆ ಆಗಲ್ಲ, ಕುರ್ಚಿ ಜೋಡಿಸೋಕೆ ಸಮಯವೇ ಸಿಗಲ್ಲ. ಅದಕ್ಕೇ ಸಿಗ್‌ಕಾಂಟ್‌ಗೂ ಒಂದು ಹ್ಯಾಂಡ್ಲರ್ ಇರಲಿ, ಎದ್ದ ಮೇಲಾದರೂ ಪರದೆ ಸರಿಹೋಗುತ್ತೆ.

ಮೂರು, ಬಿಜಿ. ಸಿಗ್‌ಕಾಂಟ್ ಬಂತು ಅಂದ ಮಾತ್ರಕ್ಕೆ ಟರ್ಮಿನಲ್ ನಮ್ಮದಲ್ಲ. ಹಿಂದೆ ಇದ್ದುಕೊಂಡು ಕೀಬೋರ್ಡ್ ಓದಹೋದರೆ ಸಿಗ್‌ಟಿಟಿಇನ್, ಸೆಟ್ಟಿಂಗ್ ಬದಲಾಯಿಸಹೋದರೆ ಸಿಗ್‌ಟಿಟಿಒಯು ಬಂದು ಮತ್ತೆ ನಿಲ್ಲಿಸುತ್ತೆ. ಇದು ಬಗ್ ಅಲ್ಲ, ಕಾವಲು. ಆದರೆ ಪರದೆಗೆ ಬರೀ ಬರೆಯೋದನ್ನ ಇದು ಸಾಮಾನ್ಯವಾಗಿ ತಡೆಯಲ್ಲ, ಹಾಗಾಗಿ ಮೊದಲು ಸೆಟ್ಟಿಂಗ್, ಆಮೇಲೆ ಚಿತ್ರ ಅನ್ನೋ ಕ್ರಮ ತಪ್ಪಿಸಬೇಡಿ.

ಎನ್‌ಕರ್ಸಸ್ ಬಳಸುವವರಿಗೆ ಇದರಲ್ಲಿ ಬಹಳಷ್ಟು ಪುಕ್ಕಟೆ ಸಿಗುತ್ತೆ, ಅದು ತಾನೇ ಸಿಗ್‌ಟಿಎಸ್‌ಟಿಪಿ ಹ್ಯಾಂಡ್ಲರ್ ಹಾಕಿಕೊಳ್ಳುತ್ತೆ. ಗಡಿಯಾರ ಮಾತ್ರ ನಮ್ಮ ಪಾಲಿಗೇ.

ಡೆಮೊಗೆ ಮುಂಚೆ ಒಂದು ಪರೀಕ್ಷೆ ಮಾಡಿ: ಗೇಮ್ ಓಡಿಸಿ, ಕಂಟ್ರೋಲ್ ಝಡ್ ಒತ್ತಿ, ಟೈಪ್ ಮಾಡಿದ್ದು ಕಾಣುತ್ತಾ ನೋಡಿ, ಕಿಟಕಿಯ ಅಳತೆ ಬದಲಾಯಿಸಿ, ಒಂದು ನಿಮಿಷ ಕಾದು ಎಫ್‌ಜಿ ಕೊಡಿ. ಹಾವು ಇದ್ದಲ್ಲೇ ಇದ್ದರೆ ಪಾಸ್. ಟರ್ಮಿನಲ್ ಕೆಟ್ಟು ಕೂತರೆ ಗಾಬರಿ ಬೇಡ, ಕಾಣದಿದ್ದರೂ ಪರವಾಗಿಲ್ಲ, "ರೀಸೆಟ್" ಅಂತ ಟೈಪ್ ಮಾಡಿ ಎಂಟರ್ ಒತ್ತಿ. ಆಮೇಲೆ ಮೇಲಿನ ನಾಲ್ಕು ಹೆಜ್ಜೆಯಲ್ಲಿ ಯಾವುದು ಬಿಟ್ಟುಹೋಗಿದೆ ಅಂತ ಹುಡುಕಿ.