ಸೂಳೆಕೆರೆ ಒಂದೇ ಫೋಟೊದಲ್ಲಿ ಹಿಡಿಸಬೇಕಾದರೆ

ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯ ಏರಿಯ ಮೇಲೆ ನಿಂತು ಮೊಬೈಲ್ ಎತ್ತಿದವರಿಗೆಲ್ಲ ಒಂದೇ ಪೇಚು: ಕೆರೆ ಒಂದು ಫೋಟೊದಲ್ಲಿ ಹಿಡಿಸುವುದಿಲ್ಲ. ಬಸವಾಪಟ್ಟಣದ ಕಡೆಯಿಂದ ಬಂದವರು ಎಡಗಡೆಯ ಗುಡ್ಡ, ನಡುನೀರು, ಬಲಗಡೆಯ ಗುಡ್ಡ ಎಂದು ಮೂರ್ನಾಲ್ಕು ತೆಗೆದುಕೊಳ್ಳುತ್ತಾರೆ. ಅವನ್ನು ಜೋಡಿಸಿ ಒಂದು ಉದ್ದನೆಯ ನೋಟ ಮಾಡಿಕೊಡುವ ತಂತ್ರಾಂಶಗಳಿವೆ. ಕೌದಿಯ ತುಂಡುಗಳ ಹಾಗೆ ಅಂಚಿನ ಮೇಲೆ ಅಂಚು ಬರಬೇಕು. ಒಂದು ಫೋಟೊದ ಮೂರನೇ ಒಂದು ಭಾಗವಾದರೂ ಮುಂದಿನದರಲ್ಲಿ ಮತ್ತೆ ಕಾಣಬೇಕು.

ಎರಡರಲ್ಲೂ ಇರುವ ಆ ಭಾಗವನ್ನು ಗುರುತಿಸುವುದು ಹೇಗೆ? ಗುಡ್ಡ ಯಾವುದು, ನೀರು ಯಾವುದು ಎಂಬುದು ತಂತ್ರಾಂಶಕ್ಕೆ ಬೇಕಿಲ್ಲ. ಬಂಡೆಯ ಮೂಲೆ, ಕೊಂಬೆಯ ಕವಲು, ಹೀಗೆ ಬೆಳಕು ತಟ್ಟನೆ ಬದಲಾಗುವ ಚುಕ್ಕೆಗಳನ್ನು ಅದು ಹುಡುಕುತ್ತದೆ. ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಡೇವಿಡ್ ಲೋ 1999ರಲ್ಲಿ ಮುಂದಿಟ್ಟ ‘ಸಿಫ್ಟ್’ ವಿಧಾನ ಇಂಥ ಪ್ರತಿ ಚುಕ್ಕೆಯ ಸುತ್ತ ಬೆಳಕು ಯಾವ ದಿಕ್ಕಿಗೆ ಎಷ್ಟು ಏರಿಳಿಯುತ್ತದೆಂದು 128 ಅಂಕಿಗಳಲ್ಲಿ ಬರೆದಿಡುತ್ತದೆ. ಫೋಟೊ ವಾಲಿದರೂ, ಚಿತ್ರ ಹಿಗ್ಗಿದರೂ ಆ ಅಂಕಿಗಳು ಹೆಚ್ಚು ಕದಲುವುದಿಲ್ಲ; ಹಾಗಾಗಿ ಎರಡು ಫೋಟೊಗಳಲ್ಲಿ ಅಂಕಿ ಹೋಲುವ ಚುಕ್ಕೆಗಳನ್ನು ಜೋಡಿ ಮಾಡಬಹುದು. 2003ರಲ್ಲಿ ಲೋ ಮತ್ತು ಅವರ ವಿದ್ಯಾರ್ಥಿ ಮ್ಯಾಥ್ಯೂ ಬ್ರೌನ್, ರಾಶಿ ಸುರಿದ ಫೋಟೊಗಳಲ್ಲಿ ಯಾವುದರ ಪಕ್ಕ ಯಾವುದೆಂದು ತಾನೇ ಕಂಡುಕೊಳ್ಳುವ ತಂತ್ರಾಂಶವನ್ನು ತೋರಿಸಿದರು.

ಕೆರೆ ತೊಡಕಾಗುವುದು ಇಲ್ಲೇ. ನೀರಿನಲ್ಲೂ ಹೊಳೆಯುವ ಚುಕ್ಕೆಗಳು ಬೇಕಾದಷ್ಟಿವೆ, ಆದರೆ ಈ ಫೋಟೊದ ಅಲೆ ಮುಂದಿನದನ್ನು ತೆಗೆಯುವಷ್ಟರಲ್ಲಿ ಇರುವುದಿಲ್ಲ. ತಪ್ಪು ಜೋಡಿಗಳನ್ನು ಕಳೆಯಲು 1981ರಲ್ಲಿ ಫಿಶ್ಲರ್ ಮತ್ತು ಬೋಲ್ಸ್ ಎಂಬ ಸಂಶೋಧಕರು ಕಂಡುಕೊಂಡ ಉಪಾಯವೊಂದಿದೆ. ಕಣ್ಣುಮುಚ್ಚಿ ನಾಲ್ಕು ಜೋಡಿ ಆರಿಸು, ಅವುಗಳ ಪ್ರಕಾರ ಫೋಟೊ ಕೂರಿಸು, ಉಳಿದವುಗಳಲ್ಲಿ ಎಷ್ಟು ಒಪ್ಪುತ್ತವೆಂದು ಎಣಿಸು. ಹೀಗೆ ಮತ್ತೆ ಮತ್ತೆ ಮಾಡಿ ಹೆಚ್ಚು ಒಪ್ಪಿಗೆ ಸಿಕ್ಕಿದ್ದನ್ನು ಉಳಿಸಿಕೊ. ಅಲೆಗಳ ಜೋಡಿಗಳು ಒಂದೊಂದು ದಿಕ್ಕಿಗೆ ಎಳೆಯುತ್ತವೆ, ಗುಡ್ಡದ ಚುಕ್ಕೆಗಳು ಒಗ್ಗಟ್ಟಾಗಿ ಗೆಲ್ಲುತ್ತವೆ.

ಇದೇ ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರಿಗೆ ಹೋದರೆ ತೊಡಕು ತಿರುವುಮುರುವಾಗುತ್ತದೆ. ಕೆಂಗ ಹನುಮಪ್ಪ ನಾಯಕನ ಕಾಲದ ಪುಷ್ಕರಣಿಯಲ್ಲಿ ಗುರುತುಗಳಿಗೆ ಬರವಿಲ್ಲ, ಸಾಲುಸಾಲು ಕಲ್ಲಿನ ಮೆಟ್ಟಿಲುಗಳಿವೆ. ಆದರೆ ಒಂದರಂತೆ ಇನ್ನೊಂದು! ಒಂದು ಮೆಟ್ಟಿಲು ಆಚೀಚೆ ಜೋಡಿಸಿದರೂ ತಪ್ಪುಗಳೆಲ್ಲ ಒಂದಕ್ಕೊಂದು ಒಪ್ಪಿಬಿಡುತ್ತವೆ. ಎಣಿಕೆಯಿಂದ ಮಾತ್ರ ಇದು ಬಗೆಹರಿಯದು. ಅದಕ್ಕೇ ಲೋ ಇನ್ನೊಂದು ನಿಯಮ ಇಟ್ಟರು: ಒಂದು ಚುಕ್ಕೆಗೆ ಎರಡು ಕಡೆ ಸರಿಸುಮಾರು ಸಮನಾದ ಹೋಲಿಕೆ ಸಿಕ್ಕರೆ ಅದನ್ನು ಬಿಟ್ಟುಬಿಡು. ಅನುಮಾನ ಬಂದಲ್ಲಿ ಸಾಕ್ಷಿಯನ್ನು ಕೈಬಿಡುವ ಈ ನಿಯಮ ನನಗೆ ಬಹಳ ಮೆಚ್ಚುಗೆ. ಮೆಟ್ಟಿಲುಗಳು ಕಳೆದು, ನೀರ ನಡುವಿನ ಮಂಟಪದಂಥ ಬೇರೆಲ್ಲೂ ಇಲ್ಲದ ಗುರುತುಗಳು ಉಳಿಯುತ್ತವೆ.

ಕೊನೆಗೆ ಹೊಲಿಗೆಯ ಗೆರೆ ಮುಚ್ಚಬೇಕು. ಬರ್ಟ್ ಮತ್ತು ಅಡೆಲ್ಸನ್ ಎಂಬ ಸಂಶೋಧಕರು 1983ರಲ್ಲಿ ಹೇಳಿಕೊಟ್ಟಂತೆ, ಆಕಾಶದ ನೀಲಿಯಂಥ ನಿಧಾನದ ಬದಲಾವಣೆಯನ್ನು ಅಗಲವಾಗಿ ಬೆರೆಸಿ, ಎಲೆ ಕಲ್ಲುಗಳ ಸೂಕ್ಷ್ಮ ಗೆರೆಗಳನ್ನು ಕಿರಿದಾದ ಪಟ್ಟಿಯಲ್ಲೇ ಬೆರೆಸಲಾಗುತ್ತದೆ.

ಒಂದು ಕೆಲಸ ಮಾತ್ರ ತೆಗೆಯುವವರದು. ತೋಳು ಚಾಚಿ ಫೋನನ್ನು ಕಮಾನಿನಂತೆ ಬೀಸಿದರೆ ಕ್ಯಾಮೆರಾ ಜಾಗ ಬದಲಿಸುತ್ತದೆ, ಹತ್ತಿರದ ಕಲ್ಲು ದೂರದ ಗುಡ್ಡದ ಮುಂದೆ ಸರಿದುಹೋಗುತ್ತದೆ. ಚಾಚಿದ ಹೆಬ್ಬೆರಳನ್ನು ಒಮ್ಮೆ ಒಂದು ಕಣ್ಣು ಮುಚ್ಚಿ, ಒಮ್ಮೆ ಇನ್ನೊಂದು ಕಣ್ಣು ಮುಚ್ಚಿ ನೋಡಿದರೆ ಇದು ತಿಳಿಯುತ್ತದೆ. ಫೋನು ನಿಂತಲ್ಲೇ ತಿರುಗಲಿ, ನೀವು ಅದರ ಸುತ್ತ ಹೆಜ್ಜೆ ಹಾಕಿ. ಪ್ರತಿ ಫೋಟೊದಲ್ಲೂ ಆಚೆ ದಡದ ಗುಡ್ಡದ ಸಾಲು ಸ್ವಲ್ಪವಾದರೂ ಇರಲಿ.